ನಿಮಗಿದು ಗೊತ್ತೇ? ಆಕಾಶದಿಂದ ಕಡಲಹಸುವಿನ ಹುಡುಕಾಟ

ತಮಿಳುನಾಡಿನ ಕಂಬಂ ಕಣಿವೆಯ ಹನುಮಂತನಪಟ್ಟಿಗೂ ಕಡಲಿಗೂ ಏನು ಸಂಬಂಧ? ನೀರಿನದು! ಪೆರಿಯಾರ್ ಪಡುವಣಕ್ಕೆ ಹರಿದು ಅರಬ್ಬಿ ಸಮುದ್ರ ಸೇರುವ ನದಿ. 1895ರಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿ, ಬೆಟ್ಟಕ್ಕೆ ಸುರಂಗ ಕೊರೆದು, ಅದರ ಒಂದಷ್ಟು ನೀರನ್ನು ಕಂಬಂ ಕಣಿವೆಗೆ ತಿರುಗಿಸಿದರು. ಕನ್ನಡ ಮನೆಮಾತಿನ ಒಕ್ಕಲಿಗರು, ಕಪ್ಪಿಲಿಯರು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿರುವ ಕಣಿವೆ ಅದು. ಭತ್ತದ ಗದ್ದೆ, ದ್ರಾಕ್ಷಿ ತೋಟಗಳನ್ನು ತಣಿಸಿದ ನೀರು ವೈಗೈ ನದಿಗೆ ಸೇರಿ ಮೂಡಣಕ್ಕೆ ಹೊರಡುತ್ತದೆ. ರಾಮನಾಥಪುರದ ದೊಡ್ಡ ಕೆರೆ ತುಂಬಿ ಮಿಕ್ಕರೆ ಪಾಕ್ ಕೊಲ್ಲಿಗೆ. ಮಿಗುವುದು ಅಪರೂಪ ಎನ್ನಿ.

ಆ ಕೊಲ್ಲಿಯಲ್ಲಿ ಯಾರಿದ್ದಾರೆ? ಕಡಲಹಸು. ತಮಿಳು ಮೀನುಗಾರರ ಬಾಯಲ್ಲಿ ಆವುಳಿಯಾ. ಮೂರು ಮೀಟರ್ ಉದ್ದದ, ಮರಿಗೆ ಹಾಲೂಡುವ, ಸೊಪ್ಪು ಮೇಯುವ ಸಾಧು ಪ್ರಾಣಿ. ದೇಶದ ಮೊದಲ ಕಡಲಹಸು ಸಂರಕ್ಷಿತ ಪ್ರದೇಶವನ್ನು ತಮಿಳುನಾಡು 2022ರ ಸೆಪ್ಟೆಂಬರಿನಲ್ಲಿ ಇಲ್ಲೇ ಘೋಷಿಸಿತು. ವಿಸ್ತಾರ 448 ಚದರ ಕಿಲೋಮೀಟರ್.

ಅಲ್ಲಿ ಅದನ್ನು ಆಕಾಶದಿಂದ ಹುಡುಕಬಹುದೇ? ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 30 ಮೀಟರ್. ಕಡಲಹಸು ಅದರಲ್ಲಿ ಕಾಣುವುದೇ ಇಲ್ಲ. ಹಾಗಾದರೆ ಹುಡುಕುವುದು ಹೇಗೆ? ಹಸುವನ್ನು ಬಿಟ್ಟು ಹುಲ್ಲುಗಾವಲನ್ನು ಹುಡುಕುತ್ತಾರೆ! ಕಡಲಹಸು ದಿನಕ್ಕೆ 30–40 ಕಿಲೋ ಕಡಲಹುಲ್ಲು ತಿನ್ನುತ್ತದೆ. ಹುಲ್ಲಿಲ್ಲದ ಕಡೆ ಅದಕ್ಕೆ ಬದುಕಿಲ್ಲ. ಈ ಹುಲ್ಲು ಪಾಚಿಯಲ್ಲ. ಬೇರು ಬಿಟ್ಟು, ನೀರೊಳಗೇ ಹೂವಾಗುವ ಗಿಡ. ಲ್ಯಾಂಡ್‌ಸ್ಯಾಟ್-8 ಚಿತ್ರಗಳಿಂದ ಲೆಕ್ಕ ಹಾಕಿದಾಗ ಭಾರತದ ತೀರದಲ್ಲಿ ಸಿಕ್ಕ ಕಡಲಹುಲ್ಲು ಸುಮಾರು 517 ಚದರ ಕಿಲೋಮೀಟರ್. ಅದರ ಹೆಚ್ಚಿನ ಪಾಲು ಪಾಕ್ ಕೊಲ್ಲಿಯಲ್ಲೇ.

ನೀರಿನಡಿಯ ಹುಲ್ಲು ಮೇಲಿನಿಂದ ಕಾಣುವುದೆಂತು? ಅವಕೆಂಪು ಬೆಳಕನ್ನು ನೀರು ಮೇಲ್ಪದರದಲ್ಲೇ ನುಂಗಿಬಿಡುತ್ತದೆ. ನೀಲಿ, ಹಸಿರು ಬೆಳಕು ಮಾತ್ರ ಆಳಕ್ಕಿಳಿದು ಮರಳುತ್ತದೆ. ಪಾಕ್ ಕೊಲ್ಲಿ ಆಳವಿಲ್ಲದ ಕಡಲಾದ್ದರಿಂದ ಅನುಕೂಲ. ಆದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ: ಮೇಲೆ ಮೋಡ, ಕೆಳಗೆ ಕದಡಿದ ನೀರು. ಉಪಗ್ರಹದ ಕಣ್ಣು ಕಟ್ಟಿದಂತೆಯೇ.

ತಿಮಿಂಗಿಲವನ್ನಾದರೆ ನೇರವಾಗಿ ಎಣಿಸಬಹುದು. ಅರ್ಜೆಂಟೀನಾದ ವಾಲ್ಡೆಸ್ ಬಳಿ 2012ರಲ್ಲಿ ಇನ್ನೂ ತೀಕ್ಷ್ಣ ಕಣ್ಣಿನ ಉಪಗ್ರಹ ತೆಗೆದ ಒಂದೇ ಚಿತ್ರದಲ್ಲಿ, ತಿಮಿಂಗಿಲವೇ ಇರಬೇಕು ಎನ್ನಿಸುವ 55 ಆಕೃತಿಗಳು ಸಿಕ್ಕವು. ಅಂಟಾರ್ಕ್ಟಿಕಾದ ವೆಡೆಲ್ ಸೀಲುಗಳು ಇನ್ನೂ ಸುಲಭ, ಬಿಳಿ ಹಿಮದ ಮೇಲಿನ ಕಪ್ಪು ಚುಕ್ಕೆಗಳು. ಅಂಥ ಚಿತ್ರಗಳನ್ನು ಜಾಲಾಡಲು ಕೈಜೋಡಿಸಿದ ಸಾಮಾನ್ಯ ಜನರೇ ಮೂರು ಲಕ್ಷಕ್ಕೂ ಹೆಚ್ಚು!

ನಮ್ಮ ಇಸ್ರೋ 2019ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-3ರ ಕಣ್ಣು ತೀಕ್ಷ್ಣ. ಅದರ ಚುಕ್ಕೆ ಸುಮಾರು 25 ಸೆಂಟಿಮೀಟರ್. ಲೆಕ್ಕಕ್ಕೆ ಒಂದು ಕಡಲಹಸು ಉದ್ದಕ್ಕೆ 12 ಚುಕ್ಕೆ. ಲೆಕ್ಕಕ್ಕೆ ಅಷ್ಟೇ: ಉಸಿರಿಗೆಂದು ಮೂಗನ್ನಷ್ಟೇ ಮೇಲೆತ್ತಿ ಮತ್ತೆ ಮುಳುಗುವ ಪ್ರಾಣಿ, ಚಿತ್ರ ತೆಗೆಯುವ ಆ ಗಳಿಗೆಗೇ ಮೇಲೆ ಬರಬೇಕಲ್ಲ! ಈ ಕೆಲಸಕ್ಕೆ ಕೆಳಗೆ ಹಾರುವ ಡ್ರೋನೇ ವಾಸಿ.

ಉಪಗ್ರಹಕ್ಕೆ ಇನ್ನೊಂದು ಕೆಲಸವೂ ಗೊತ್ತು. 2017ರಲ್ಲಿ ಒಮಾನಿನ ಬಳಿ ಲುಬಾನ್ ಎಂಬ ಗೂನುಬೆನ್ನಿನ ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನ ಅಳವಡಿಸಿದರು. ಅದು ಅರಬ್ಬಿ ಸಮುದ್ರ ದಾಟಿ ಗೋವಾ ಕಡೆಗೆ ಬಂದು, ನಮ್ಮ ಕರಾವಳಿಯಾಚೆ ತೆಂಕಕ್ಕೆ ಸಾಗಿ, ಭಾರತದ ತುದಿ ತಲುಪಿತು.

ಪಾಕ್ ಕೊಲ್ಲಿಯಲ್ಲೋ, ಹುಲ್ಲೆಲ್ಲಿದೆ ಎಂದು ಉಪಗ್ರಹ ಹೇಳೀತು. ಹಸು ಬಂದಿತ್ತೇ ಎಂದು ಹೇಳಬೇಕಾದವರು ದೋಣಿಯವರೇ. ಬಲೆಗೆ ಸಿಕ್ಕ ಕಡಲಹಸುವನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರರಿಗೆ ಅಲ್ಲಿನ ಅರಣ್ಯ ಇಲಾಖೆ ನಗದು ಬಹುಮಾನ ಕೊಟ್ಟದ್ದುಂಟು.