ನಿಮಗಿದು ಗೊತ್ತೆ? ಸೈಬರ್ ಕಾವಲಿಗೆ ಮೂರೂ ಪಡೆಗಳ ಒಂದು ಸಂಸ್ಥೆ
ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದವರಿಗೆ ಸೈನ್ಯವೆಂದರೆ ಮೊದಲು ನೆನಪಾಗುವುದು ಬೆಳಗಾವಿ. ಅಲ್ಲಿ ಭೂಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರವಿದೆ. ಪಕ್ಕದ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಒಂದೇ ಕುತಂತ್ರಾಂಶ ಎರಡೂ ಪಡೆಗಳ ಕಂಪ್ಯೂಟರಿಗೆ ನುಗ್ಗಿದರೆ ಎರಡು ತಂಡಗಳು ಬೇರೆ ಬೇರೆ ಕೂತು ಅದನ್ನೇ ಶೋಧಿಸಬೇಕೆ? ಅಷ್ಟರಲ್ಲಿ ಅದು ಮೂರನೆಯ ಪಡೆಗೂ ಹಬ್ಬಿರುತ್ತದೆ. 2012ರಲ್ಲೇ ರಾಷ್ಟ್ರೀಯ ಭದ್ರತೆ ಕುರಿತ ನರೇಶ್ ಚಂದ್ರ ಕಾರ್ಯಪಡೆ ಮೂರೂ ಪಡೆಗಳಿಗೆ ಜಂಟಿ ಸೈಬರ್ ಕಮಾಂಡ್ ಬೇಕೆಂದಿತ್ತು. 2019ರಲ್ಲಿ ರೂಪುಗೊಂಡದ್ದು ಅದಕ್ಕಿಂತ ಚಿಕ್ಕದಾದ ಡಿಫೆನ್ಸ್ ಸೈಬರ್ ಏಜೆನ್ಸಿ. ನೌಕಾಪಡೆಯ ರಿಯರ್ ಅಡ್ಮಿರಲ್ ಮೋಹಿತ್ ಗುಪ್ತಾ ಅದರ ಮೊದಲ ಮುಖ್ಯಸ್ಥರು.

ಹಡಗಿನ ರೇಡಾರ್, ಯುದ್ಧವಿಮಾನ, ಗಡಿ ಠಾಣೆಯ ಸಂಪರ್ಕಜಾಲ ಒಂದೇ ಬಗೆಯವಲ್ಲ, ಎಲ್ಲವನ್ನೂ ಒಂದೇ ಸಂಸ್ಥೆ ಕಾಯಲಾರದು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಹಾಗಾಗಿ ದಿನನಿತ್ಯದ ಕಾವಲು ಆಯಾ ಪಡೆಯಲ್ಲೇ ಇರಲಿ; 2023ರಲ್ಲಿ ಭೂಸೇನೆ ತನ್ನದೇ ಸೈಬರ್ ಘಟಕಗಳನ್ನು ಕಟ್ಟಲು ಹೊರಟದ್ದು ತಪ್ಪಲ್ಲ. ಆದರೆ ದಾಳಿಯ ಸುಳಿವು, ತರಬೇತಿ, ಪ್ರತಿದಾಳಿಯ ತೀರ್ಮಾನ ಇವಿಷ್ಟು ಒಂದೆಡೆ ಸೇರಲೇಬೇಕು. ಒಂದೆಡೆ ಸೇರಿಸಿದರೆ ಕಡತ ನಿಧಾನವಾದೀತೆಂಬ ಭಯವೂ ಇದೆ. ಅಧಿಕಾರ ಸ್ಪಷ್ಟವಿಲ್ಲದಾಗ ಆಗುವ ವಿಳಂಬ ಅದಕ್ಕಿಂತ ಹೆಚ್ಚು. ಜಂಟಿ ಸಂಸ್ಥೆಯ ಮುಖ್ಯಸ್ಥರಿಗೆ ಮೂರೂ ಪಡೆಗಳ ಸಿಬ್ಬಂದಿಯ ಮೇಲೆ ಶಿಸ್ತಿನ ಅಧಿಕಾರ ಕೊಡುವ ಕಾಯ್ದೆ 2024ರ ಮೇ 10ರಂದು ಜಾರಿಗೆ ಬಂತು. ಮರು ತಿಂಗಳೇ ಸೈಬರ್ ಕಾರ್ಯಾಚರಣೆಯ ಜಂಟಿ ಸಿದ್ಧಾಂತವನ್ನು ಆಗ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಅನಿಲ್ ಚೌಹಾಣ್ ಬಿಡುಗಡೆ ಮಾಡಿದರು. ನಮ್ಮೂರಿನ ಬ್ಯಾಂಕು, ವಿದ್ಯುತ್ ಜಾಲಗಳ ಸೈಬರ್ ರಕ್ಷಣೆ ಮಾತ್ರ ಸೇನೆಯ ಹೊಣೆಯಲ್ಲ, ಅದಕ್ಕೆ ನಾಗರಿಕ ಸಂಸ್ಥೆಗಳೇ ಇವೆ.