ಕೊಪ್ಪಳ ಜಿಲ್ಲೆಯಲ್ಲಿ ಬಾಡಿಗೆ ಕಟ್ಟಡಗಳ ಹೂಡಿಕೆ

ಬಾಡಿಗೆ ಕಟ್ಟಡದ ಹೂಡಿಕೆ ಎಂದರೆ ಮನೆ ಅಥವಾ ಕೊಠಡಿಗಳ ಸಮುಚ್ಚಯವನ್ನು ಕಟ್ಟಿಸಿ ಇಲ್ಲವೇ ಕೊಂಡು, ಬಾಡಿಗೆಯಿಂದ ವರಮಾನ ಪಡೆಯುವ ಕ್ರಮ. ಕೊಪ್ಪಳ ಜಿಲ್ಲೆಯಲ್ಲಿ ಇದರ ಲಾಭನಷ್ಟ ಊರಿನಿಂದ ಊರಿಗೆ ಬೇರೆ.

ಜಿಲ್ಲಾ ಕೇಂದ್ರವಾದ ಕೊಪ್ಪಳದಲ್ಲಿ ವರ್ಗಾವಣೆಯಾಗಿ ಬರುವ ನೌಕರರು, ವೈದ್ಯಕೀಯ ಕಾಲೇಜಿನವರು, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಕಾರ್ಮಿಕರು ಬಾಡಿಗೆದಾರರಾಗುತ್ತಾರೆ. ಗಂಗಾವತಿಯ ವ್ಯಾಪಾರಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಮತ್ತು ಅಕ್ಕಿ ಗಿರಣಿಗಳೇ ಆಧಾರ. ಎರಡನೆಯ ಬೆಳೆಗೆ ನೀರು ಬಾರದ ವರ್ಷ ಬಾಡಿಗೆ ವಸೂಲಿಯೂ ನಿಧಾನವಾಗಬಹುದು. ಮಳೆಯಾಶ್ರಿತ ಕುಷ್ಟಗಿ, ಯಲಬುರ್ಗಾಗಳ ಮಾರುಕಟ್ಟೆ ಚಿಕ್ಕದು.

ಮನೆ ಖಾಲಿ ಉಳಿಯುವುದಕ್ಕಿಂತ ದೊಡ್ಡ ಅಪಾಯ ಜಮೀನಿನದು. ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ಹಂಪಿಯ ಪ್ರವಾಸಿಗರಿಗೆ ಕೊಠಡಿ ಕೊಡುತ್ತಿದ್ದ ರೆಸಾರ್ಟ್‌ಗಳು ಸಂರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ನಿರ್ಮಾಣವಾಗಿವೆ ಎಂಬ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಅವನ್ನು ಕೆಡವಲಾಯಿತು. ಹಲವು ವರ್ಷ ಬಾಡಿಗೆ ಬಂದಿತ್ತೆಂಬುದು ಅವುಗಳನ್ನು ಸಕ್ರಮಗೊಳಿಸಲಿಲ್ಲ. ಭೂಪರಿವರ್ತನೆ ಆದೇಶ, ಖಾತೆ, ಋಣಭಾರ ಪ್ರಮಾಣಪತ್ರ ಹಾಗೂ ಕಟ್ಟಡ ಪರವಾನಗಿಯನ್ನು ಖರೀದಿಗೆ ಮೊದಲೇ ಪರಿಶೀಲಿಸಬೇಕಾದುದು ಇದೇ ಕಾರಣಕ್ಕೆ.

ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು ಉಳಿಯುವ ಬಾಡಿಗೆಯಲ್ಲಿ ಶೇ. 30ರಷ್ಟು, ದುರಸ್ತಿಗೆ ಎಷ್ಟೇ ವೆಚ್ಚವಾಗಿರಲಿ, ಆದಾಯ ತೆರಿಗೆಯ ಲೆಕ್ಕದಿಂದ ಕಡಿತವಾಗುತ್ತದೆ. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. 11 ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದಲೇ.