ಪಾನಕದ ನಂತರ ಪಲ್ಲವಿ

ರಾಮನವಮಿಯ ಹಿಂದಿನ ರಾತ್ರಿ ನಮ್ಮ ವಠಾರದ ಹಿತ್ತಲಲ್ಲಿ ಬೆಲ್ಲ ನೆನೆಯುತ್ತಿತ್ತು. ಕಲಾಯಿ ಹಾಕಿಸಿದ ಹಿತ್ತಾಳೆಯ ಕೊಳದಪ್ಪಲೆ, ಅದರ ಬಾಯಿಗೆ ಬಿಗಿದು ಕಟ್ಟಿದ ಹಳೆಯ ಪಂಚೆ, ಇರುವೆ ಹತ್ತದಿರಲೆಂದು ಸುತ್ತ ಎಳೆದ ಅರಿಶಿನದ ಗೆರೆ. ಬೆಳಗಿನ ಜಾವ ಮೂಲೆಮನೆಯ ರಾಯರು ಬಂದು ನಿಂತು ಸೋಸಿಸುತ್ತಿದ್ದರು. ಕಬ್ಬಿನ ನಾರು, ಮರಳು, ಒಮ್ಮೊಮ್ಮೆ ಗೋಣಿಯ ಎಳೆ ಬಟ್ಟೆಯ ಮೇಲೆ ಉಳಿಯುತ್ತಿತ್ತು. ಹತ್ತು ಲೀಟರ್ ನೀರಿಗೆ ಒಂದೂವರೆ ಕಿಲೋ ಬೆಲ್ಲ ಅವರ ಲೆಕ್ಕ. ಆಮೇಲೆ ಒಣಶುಂಠಿ, ಏಲಕ್ಕಿ, ಕಾಳುಮೆಣಸಿನ ಪುಡಿ, ನಿಂಬೆಹುಳಿ ಕಟ್ಟಕಡೆಗೆ. "ಮೆಣಸು ನಾಲಿಗೆಗೆ ಗೊತ್ತಾಗಬಾರದು ಕಣೋ, ಗಂಟಲಿಗೆ ಗೊತ್ತಾಗಬೇಕು" ಎನ್ನುತ್ತಿದ್ದರು.

ಒಂದು ವರ್ಷ ಪಚ್ಚಕರ್ಪೂರ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹುಡುಗು ಕೈ, ಹೇಳಿದ್ದಕ್ಕಿಂತ ಎರಡು ಚಿಟಿಕೆ ಹೆಚ್ಚೇ ಬಿತ್ತು. ಆ ದಿನ ನಮ್ಮ ಬೀದಿಯಲ್ಲಿ ಹಾದುಹೋದವರೆಲ್ಲ ಮಂಗಳಾರತಿ ವಾಸನೆಯ ಪಾನಕ ಕುಡಿದರು. ಒಬ್ಬರೂ ಬೈಯಲಿಲ್ಲ. ಆಟೋದವರೊಬ್ಬರು "ತೀರ್ಥ ಇದ್ದಂಗೈತೆ ಸ್ವಾಮಿ" ಎಂದು ಇನ್ನೊಂದು ಲೋಟಕ್ಕೆ ಕೈ ಚಾಚಿದರು.

ಬೆಂಗಳೂರಿನ ಬೇಸಿಗೆಯ ಹಬ್ಬ ಎಂದರೆ ನನಗೆ ಇಂದಿಗೂ ಹಾಗೆ ಚಾಚಿದ ಕೈ. ದುಡ್ಡು ಕೇಳದೆ, ಹೆಸರು ಕೇಳದೆ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ನೀರು ಕೊಡುವ ತಾಣಕ್ಕೆ ನಮ್ಮ ಹಿರಿಯರು ಅರವಟ್ಟಿಗೆ ಎನ್ನುತ್ತಿದ್ದರು. ಹೆದ್ದಾರಿಯ ಬದಿಯ ಅರವಟ್ಟಿಗೆಗಳು ಹೋದವು, ಬಾಟಲಿ ನೀರು ಬಂತು. ಆದರೆ ಚೈತ್ರದಲ್ಲಿ ಒಂದು ದಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಬೀದಿಗಳು ಮತ್ತೆ ಅರವಟ್ಟಿಗೆಗಳಾಗುತ್ತವೆ. ನೀರುಮಜ್ಜಿಗೆಯ ಡ್ರಮ್ಮು, ಪಾನಕದ ಡ್ರಮ್ಮು, ದೊನ್ನೆಯಲ್ಲಿ ಕೋಸಂಬರಿ. ಒಂದೇ ರಸ್ತೆಯ ನಾಲ್ಕು ತಿರುವಿನಲ್ಲಿ ನಾಲ್ಕು ರುಚಿ. ಒಂದು ಕಡೆ ಕರಬೂಜ ತುರಿದು ಹಾಕಿದ ಪಾನಕ, ಇನ್ನೊಂದು ಕಡೆ ಬೇಲದ ಹಣ್ಣಿನದು. ಬೇಲದ ಹಣ್ಣಿನ ಪಾನಕ ಕುಡಿಯದವರು ಆ ಒರಟು ಚಿಪ್ಪನ್ನು ಕಂಡು ಮುಖ ಸಿಂಡರಿಸುತ್ತಾರೆ. ಕುಡಿದವರು ಮರುವರ್ಷ ಗಾಂಧಿಬಜಾರಿನಲ್ಲಿ ತಾವೇ ಹುಡುಕಿಕೊಂಡು ಹೋಗುತ್ತಾರೆ. ಕೋಸಂಬರಿಯದು ಬೇರೆ ಪರೀಕ್ಷೆ. ಹೆಸರುಬೇಳೆ ನೆಂದಿರಬೇಕು, ಮೆತ್ತಗಾಗಿರಬಾರದು. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕು, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ದೊನ್ನೆಯ ತಳ ತೊಟ್ಟಿಕ್ಕುತ್ತದೆ. ಯಾವ ಬೀದಿಯಲ್ಲಿ ಅನುಭವಸ್ಥ ಹೆಂಗಸರು ಉಸ್ತುವಾರಿ ವಹಿಸಿದ್ದಾರೆ ಎಂಬುದು ದೊನ್ನೆ ಕೈಗೆ ಬಂದ ಕೂಡಲೇ ತಿಳಿಯುತ್ತದೆ.

ಹೊಟ್ಟೆ ತಣ್ಣಗಾದ ಮೇಲೆ ಕಿವಿಯ ಸರದಿ.

ಚೆನ್ನೈಯವರಿಗೆ ಸಂಗೀತದ ಕಾಲ ಡಿಸೆಂಬರ್, ಮಾರ್ಗಳಿ ಮಾಸ. ನಮ್ಮದು ನಡುಬೇಸಿಗೆ. ರಾಮ ಹುಟ್ಟಿದ್ದು ಚೈತ್ರ ಶುದ್ಧ ನವಮಿಯಂದು, ಅದಕ್ಕೆ ಹಾಗೆ ಎಂದುಬಿಡಬಹುದು. ಆದರೆ ರಾಮನವಮಿ ಚೆನ್ನೈಯಲ್ಲೂ ಇದೆಯಲ್ಲ! ನನ್ನ ಪ್ರಕಾರ ಅರ್ಧ ಕಾರಣ ಈ ಊರಿನ ಎತ್ತರ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಊರಿದು. ಹಗಲು ಎಷ್ಟೇ ಕಾಯಲಿ, ಏಳು ಗಂಟೆಯ ಹೊತ್ತಿಗೆ ಗಾಳಿ ತಿರುಗುತ್ತದೆ. ಬಯಲಲ್ಲಿ ಚಪ್ಪರ ಹಾಕಿ, ಜನರನ್ನು ಮೂರು ಗಂಟೆ ಕೂರಿಸಿ, ರಾಗ ತಾನ ಪಲ್ಲವಿ ಕೇಳಿಸುವ ಧೈರ್ಯ ಏಪ್ರಿಲ್ ತಿಂಗಳಲ್ಲಿ ಬೇರೆ ಎಷ್ಟು ಊರುಗಳಿಗಿದೆ?

ಆ ಧೈರ್ಯವನ್ನು ದೊಡ್ಡದಾಗಿ ಮಾಡಿದವರು ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯವರು. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಕಟ್ಟಿದ ಸಂಸ್ಥೆ. ಅದರ ಹೆಸರಿನೊಂದಿಗೆ ಬೆಸೆದುಕೊಂಡ ಜಾಗ ಕೋಟೆ ಪ್ರೌಢಶಾಲೆಯ ಮೈದಾನ. ಎಂ.ಎಸ್. ಸುಬ್ಬುಲಕ್ಷ್ಮಿಯಂಥವರು ಹಾಡಿದ ವೇದಿಕೆ ಅದು. ಒಂದು ಸಂಜೆಯಲ್ಲ, ಒಂದು ವಾರವಲ್ಲ, ತಿಂಗಳುದ್ದಕ್ಕೂ ನಡೆಯುವ ಕಛೇರಿ. ಪರೀಕ್ಷೆ ಮುಗಿದ ಮಕ್ಕಳ ಗಲಾಟೆ, ಕೆ.ಆರ್. ಮಾರುಕಟ್ಟೆ ಕಡೆಯ ಬಸ್ಸುಗಳ ಹಾರನ್ನು, ಅದರ ನಡುವೆ ತಂಬೂರಿಯ ಶ್ರುತಿ. ಬೇರೆ ಊರಿನ ಕಲಾವಿದರಿಗೆ ಆ ಹಾರನ್ನು ಮೊದಲ ದಿನ ಕಿರಿಕಿರಿ ಎನಿಸಿರಬಹುದು. ನಮಗೆ ಅದೂ ಪಕ್ಕವಾದ್ಯವೇ.

ಮೈದಾನದ ಒಳಗೆ ಕುರ್ಚಿಗೆ ಟಿಕೆಟ್ಟು ಇರುತ್ತದೆ. ನಾನು ತೆಗೆದುಕೊಂಡು ಕೂತದ್ದೂ ಇದೆ, ಪಾಸು ಸಿಕ್ಕಾಗ ಮುಂದಿನ ಸಾಲಿಗೆ ಹೋಗಿ ಸಂಕೋಚಪಟ್ಟದ್ದೂ ಇದೆ. ಆದರೂ ನನ್ನ ಮತ ಹೊರಗಿನ ರಸ್ತೆಗೆ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಅದರ ಮೇಲೇ ಕೂತು ಕೇಳುವ ಕೆಲವರನ್ನು ಪ್ರತಿ ವರ್ಷ ಕಾಣುತ್ತೇನೆ. ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಒಂದು ಕಲ್ಯಾಣಿ ಮುಗಿಯುವ ಹೊತ್ತಿಗೆ ಸಿಪ್ಪೆ ರಾಶಿ. ಅವರಲ್ಲಿ ಒಬ್ಬರನ್ನು ಒಮ್ಮೆ ಒಳಗೆ ಕರೆದೆ, ನನ್ನ ಹತ್ತಿರ ಇನ್ನೊಂದು ಟಿಕೆಟ್ಟಿತ್ತು. "ಬೇಡಿ, ಒಳಗೆ ಹೋದ್ರೆ ಚಪ್ಪಾಳೆ ತಟ್ಟಬೇಕಾಗುತ್ತೆ" ಎಂದರು. ಆಮೇಲೆ ಕೆಲವು ಕಛೇರಿ ಕೇಳಿದಾಗ ಅವರ ಮಾತಿನ ಬೆಲೆ ಗೊತ್ತಾಯಿತು.

ದನಿ ರಸ್ತೆಗೆ ಮುಟ್ಟುವುದು ಇವತ್ತು ಧ್ವನಿವರ್ಧಕದ ದೆಸೆಯಿಂದ. ಮೈಕು ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಅದಕ್ಕೆ ಮೈಸೂರು ಟಿ. ಚೌಡಯ್ಯನವರ ಉತ್ತರ ಏಳು ತಂತಿಯ ಪಿಟೀಲು. ನಾದ ಕೊನೆಯ ಸಾಲಿನವನಿಗೂ ಕೇಳಲಿ ಎಂದು ತಂತಿಗಳ ಮೇಲೆ ತಂತಿ ಹೂಡಿದರು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಹಾಡಿ ಗಳಿಸಿದ್ದನ್ನು ಸುರಿದು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿದವರು. ರಾಮನವಮಿಗೂ ಸಂಗೀತಕ್ಕೂ ಹಳೇ ಮೈಸೂರು ಸೀಮೆಯಲ್ಲಿ ಇರುವ ನಂಟು ಇಂಥವರ ಕೈಯಲ್ಲಿ ಬೆಳೆದದ್ದು. ಬೆಂಗಳೂರಿನಲ್ಲಿ ಚೌಡಯ್ಯನವರ ಹೆಸರಿನ ಸಭಾಂಗಣವನ್ನೇನೋ ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಒಳಗೆ ತಂಪಾಗಿಯೂ ಇದೆ. ಆದರೆ ಅದರೊಳಗೆ ಕಡಲೆಕಾಯಿ ಸುಲಿಯುವಂತಿಲ್ಲ.

ಕಛೇರಿಯಲ್ಲಿ ತಿಂಡಿಯ ಹೊತ್ತು ಯಾವುದು ಎಂಬುದಕ್ಕೆ ಅಲಿಖಿತ ನಿಯಮವೊಂದಿದೆ: ತನಿ ಆವರ್ತನ. ಹಾಡುಗಾರರು ಮೃದಂಗದವರ ಕಡೆ ಕೈ ತೋರಿಸಿದ ಕ್ಷಣವೇ ನಾಲ್ಕಾರು ಸಾಲು ಎದ್ದು ಬೋಂಡದ ಬಾಣಲೆಯ ಕಡೆ ನಡೆಯುತ್ತದೆ. ತಾಳವಾದ್ಯದವರಿಗೆ ಇದು ಎಷ್ಟು ನೋವಿನ ಸಂಗತಿ ಎಂದು ಮೃದಂಗ ಕಲಿಯುತ್ತಿದ್ದ ಗೆಳೆಯನೊಬ್ಬ ನನಗೆ ಬೈದು ಹೇಳಿದ್ದಾನೆ. ಅಂದಿನಿಂದ ನಾನು ತನಿಗೆ ಏಳುವುದಿಲ್ಲ. ಕೂತು ಕೇಳಿದ ಮೇಲೆ ತಿಳಿದದ್ದು, ಮೃದಂಗವೂ ಘಟವೂ ಪ್ರಶ್ನೋತ್ತರ ಮುಗಿಸಿ ಮೋರಾಕ್ಕೆ ಬರುವ ಆ ಕೊನೆಯ ಎರಡು ನಿಮಿಷಕ್ಕೆ ಯಾವ ಬೋಂಡವೂ ಸಾಟಿಯಲ್ಲ. ಬೋಂಡ ಕಾಯುತ್ತದೆ. ಹೆಚ್ಚೆಂದರೆ ಚಟ್ನಿ ಮುಗಿಯುತ್ತದೆ.

ಅದೂ ಮುಗಿದಿದ್ದರೆ ಸಜ್ಜನ್ ರಾವ್ ವೃತ್ತಕ್ಕೆ ಹೋದರಾಯಿತು. ವಿ.ವಿ. ಪುರದ ತಿಂಡಿ ಬೀದಿ ಸಂಜೆಗೆ ಕಣ್ಣು ಬಿಟ್ಟು ರಾತ್ರಿಯವರೆಗೂ ಎಚ್ಚರವಿರುತ್ತದೆ. ಚಳಿಗಾಲದಲ್ಲಿ ಅವರೆಬೇಳೆಯದೇ ಕಾರುಬಾರು; ಬೇಸಿಗೆಯಲ್ಲಿ ಗುಲ್ಕನ್ನು, ಐಸ್‌ಕ್ರೀಮು, ಉಪ್ಪು ಖಾರ ಹಚ್ಚಿದ ತೋತಾಪುರಿ ಹೋಳು. ಕಛೇರಿಯ ಕೊನೆಗೆ ಕೇಳಿದ ದೇವರನಾಮವನ್ನು ಗುನುಗುತ್ತಾ ತುಪ್ಪದ ಹೋಳಿಗೆ ಕಾಗದದ ಮೇಲೆ ಹಿಡಿದು ನಿಂತವರನ್ನು ನೋಡಿದರೆ ಆ ಸಂಜೆ ಯಾರ ಕಛೇರಿ ಇತ್ತು ಎಂದು ಕೇಳಬೇಕಿಲ್ಲ, ಯಾವ ರಾಗದಲ್ಲಿ ಮುಗಿಯಿತು ಎಂಬುದೂ ಗೊತ್ತಾಗುತ್ತದೆ.

ನವಮಿ ಕಳೆದು ಆರು ದಿನಕ್ಕೆ ಹುಣ್ಣಿಮೆ. ಚೈತ್ರ ಪೌರ್ಣಮಿಯ ರಾತ್ರಿ ಕಛೇರಿ ಕೇಳುವ ಬೆಂಗಳೂರು ಮಲಗಿದ ಮೇಲೆ ಇನ್ನೊಂದು ಬೆಂಗಳೂರು ಏಳುತ್ತದೆ. ತಿಗಳರ ಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವ ಹೊತ್ತು ಸರಿರಾತ್ರಿಯ ಆಚೆಗೆ. ಅಲ್ಲಿಯವರೆಗೆ ಪೇಟೆ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲೆಲ್ಲೂ ಮಲ್ಲಿಗೆ, ಮೊಳ ಹಾಕಿ ಮಾರುವುದಲ್ಲ, ಬುಟ್ಟಿಗಟ್ಟಲೆ ಎರಚುವುದು. ಒಂದು ತಿರುವಿನಲ್ಲಿ ವಾದ್ಯಗೋಷ್ಠಿಯವರ ಸಿನಿಮಾ ಹಾಡು, ಇನ್ನೊಂದರಲ್ಲಿ ತಮಟೆ, ನಡುವೆ ಕಡ್ಲೆಪುರಿ, ಬತ್ತಾಸು, ಮಿಠಾಯಿ ಅಂಗಡಿ. ಮಜ್ಜಿಗೆ ಹಂಚುವವರು ರಾತ್ರಿ ಎರಡು ಗಂಟೆಗೂ ಸೌಟು ಕೆಳಗಿಡುವುದಿಲ್ಲ. ಕರಗ ಬಂದಾಗ ಮಾತ್ರ ಎಲ್ಲ ಸದ್ದೂ ಅಡಗಿ, ಅಲಗು ಹಿಡಿದ ವೀರಕುಮಾರರ "ಗೋವಿಂದಾ" ಒಂದೇ ಉಳಿಯುತ್ತದೆ. ಹೆಣ್ಣಿನ ಉಡುಗೆಯಲ್ಲಿ, ತಲೆಯ ಮೇಲೆ ಹೂವಿನ ಕರಗ ಹೊತ್ತು, ಕೈಯಿಂದ ಮುಟ್ಟದೆ ಆ ಪೂಜಾರಿ ಓಡಿದಂತೆ ನಡೆಯುತ್ತಾರೆ. ದಾರಿಯಲ್ಲಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದಕ್ಕೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಎಂಟು ಗಂಟೆ ಕಾದು ಎಂಟು ಸೆಕೆಂಡು ನೋಡಿ ಬಂದ ರಾತ್ರಿಗಳು ನನಗಿವೆ. ವ್ಯರ್ಥ ಎಂದು ಒಮ್ಮೆಯೂ ಅನ್ನಿಸಿಲ್ಲ.

ಆಮೇಲೆ ವೈಶಾಖ, ಮಾವು. ಲಾಲ್‌ಬಾಗಿನ ಮಾವಿನ ಮೇಳದಲ್ಲಿ ಹಾಡಿಲ್ಲ, ಆದರೆ ದನಿಗಳಿವೆ. ಶ್ರೀನಿವಾಸಪುರದ ಬೆಳೆಗಾರರು ತೆಲುಗು ಬೆರೆತ ಕನ್ನಡದಲ್ಲಿ, ರಾಮನಗರದವರು ತಮ್ಮ ಎಳೆದ ಮಾತಿನಲ್ಲಿ ಕೂಗಿ ಕರೆಯುವುದನ್ನು ಕೇಳುವುದಕ್ಕೇ ಹೋಗಬಹುದು. ಧಾರವಾಡದವರ ಆಪೂಸು ಇಲ್ಲಿ ಬಾದಾಮಿ, ಹಣ್ಣು ಅದೇ. ಪುಟ್ಟ ಸಕ್ಕರೆಗುತ್ತಿಯನ್ನು ತುದಿ ಕಚ್ಚಿ ಹೀರಬೇಕು. ಮಲ್ಲಿಕಾ ನೀಲಂ ಮತ್ತು ದಶೇರಿಯ ಮಿಶ್ರತಳಿ, ಕತ್ತರಿಸಿ ತಿನ್ನುವವರ ಹಣ್ಣು. ನನ್ನ ಓಟು ರಸಪುರಿಗೆ: ಹಿಂಡಿ ಸೀಕರಣೆ ಮಾಡಿ ಒತ್ತುಶ್ಯಾವಿಗೆಯ ಮೇಲೆ ಸುರಿದುಕೊಳ್ಳಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನುಬಾಹಿರ. ಬೆಳೆಗಾರನ ಕೈಯಿಂದಲೇ ಕೊಳ್ಳುವುದರಲ್ಲಿ ಆ ಭಯ ಕಡಿಮೆ, ಎರಡು ಮಾತು ಹೆಚ್ಚು ಕೇಳಿ ಬರಬಹುದು.

ಈಗ ಹೊಸ ಬಗೆಯ ಹಬ್ಬಗಳೂ ಬಂದಿವೆ. ಮೈದಾನಕ್ಕೆ ಬೇಲಿ, ಕೈಗೆ ಕಾಗದದ ಪಟ್ಟಿ, ಒಳಗೆ ಗಾಡಿಗಳಲ್ಲಿ ತಿಂಡಿ, ಬಿಯರು, ಬ್ಯಾಂಡು. ಮಗಳ ಜೊತೆ ಹೋಗಿದ್ದೇನೆ. ಹುಡುಗರು ಚೆನ್ನಾಗಿಯೇ ನುಡಿಸಿದರು, ಕನ್ನಡದಲ್ಲಿ ರಾಕ್ ಹಾಡಿದ ತಂಡವೊಂದಕ್ಕೆ ನಾನೂ ತಲೆದೂಗಿದೆ. ಸಂಗೀತದ ಮೇಲೆ ನನಗೆ ತಕರಾರಿಲ್ಲ. ಗೇಟಿನಲ್ಲಿ ನಮ್ಮ ನೀರಿನ ಬಾಟಲಿ ಕಿತ್ತಿಟ್ಟುಕೊಂಡು, ಒಳಗೆ ಅದೇ ನೀರನ್ನು ಮೂರು ಪಟ್ಟು ಬೆಲೆಗೆ ಮಾರಿದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಬಂದವರಿಗೆ ನೀರು ಕೊಡದೆ ಹಬ್ಬ ಮಾಡುವುದು ಈ ಊರಿನ ರೂಢಿಯಲ್ಲ. "ಅಪ್ಪಾ, ಇಲ್ಲಿ ಪಾನಕ ಕೊಡಲ್ವಾ?" ಎಂದು ಮಗಳು ರೇಗಿಸಿದಳು. ಕೊಡಬಹುದಿತ್ತು.

ಬಿಸಿಲೂ ಮೊದಲಿನಂತಿಲ್ಲ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತು. ಏಳು ಗಂಟೆಗೆ ತಿರುಗುವ ಗಾಳಿ ಕೆಲವು ವರ್ಷ ಎಂಟೂವರೆಗೂ ಬರುವುದಿಲ್ಲ. ಚಪ್ಪರದೊಳಗೆ ಬೀಸಣಿಗೆಗಳು ತಾಳ ತಪ್ಪಿ ಆಡುತ್ತವೆ. ಭರಣಿ ಮಳೆ ಬಂದರೆ ಸರಿ. ಒಮ್ಮೆ ಮೋಹನ ರಾಗದ ನಡುವೆ ತಗಡಿನ ಮೇಲೆ ಆಲಿಕಲ್ಲು ಬಿದ್ದು ಏನೂ ಕೇಳದಾಯಿತು. ಹಾಡುತ್ತಿದ್ದವರು ನಿಲ್ಲಿಸಲಿಲ್ಲ, ನಾವೂ ಏಳಲಿಲ್ಲ. ಮಳೆ ನಿಂತಾಗ ಅವರು ಚರಣಕ್ಕೆ ಬಂದಿದ್ದರು. ಮಣ್ಣಿನ ವಾಸನೆ ಚಪ್ಪರ ತುಂಬಿತ್ತು.

ಪಾನಕ ಕುಡಿಯದ ರಾಮನವಮಿ ನನ್ನ ನೆನಪಿನಲ್ಲಿ ಒಂದೇ. 2020ರದು, ಏಪ್ರಿಲ್ 2. ಲಾಕ್‌ಡೌನ್ ಶುರುವಾಗಿ ಒಂಬತ್ತನೆಯ ದಿನ. ಮನೆಯಲ್ಲಿ ಮಾಡಿದ್ದೆವು ನಿಜ, ಆದರೆ ಮೂರು ಜನಕ್ಕೆ ಮಾಡಿದ ಪಾನಕ ಬರಿಯ ಬೆಲ್ಲದ ನೀರು. ರಾಯರ ಲೆಕ್ಕ ಕೊಳದಪ್ಪಲೆಗಿಂತ ಕಡಿಮೆಗೆ ಒಗ್ಗುವುದಿಲ್ಲ.

ಮುಂದಿನ ಚೈತ್ರದಲ್ಲಿ ಚಾಮರಾಜಪೇಟೆಯ ಕಡೆ ಬನ್ನಿ. ಟಿಕೆಟ್ಟು ಸಿಗದಿದ್ದರೂ ಚಿಂತೆಯಿಲ್ಲ, ರಸ್ತೆಯಲ್ಲಿ ಜಾಗವಿದೆ. ಬರುವಾಗ ಮನೆಯಿಂದ ಒಂದು ಸ್ಟೀಲ್ ಲೋಟ ಚೀಲದಲ್ಲಿ ಹಾಕಿಕೊಂಡು ಬನ್ನಿ. ಹಬ್ಬದ ಮರುದಿನ ಮೋರಿಯ ತುಂಬ ಬಿದ್ದಿರುವ ಕಾಗದದ ಲೋಟ ಗುಡಿಸುವವರು ಬೆಳಿಗ್ಗೆ ಐದಕ್ಕೇ ಬಂದಿರುತ್ತಾರೆ, ಅವರಿಗೆ ಪಾನಕ ಉಳಿದಿರುವುದಿಲ್ಲ.